ತೆರೆ ಬರಿದಾದುದೇಕೆ?

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಇವೇ ನನ್ನ ಪಾಠವಿಷಯಗಳು. ಅಂಥವನೊಬ್ಬ ಕಂಪ್ಯೂಟರಿನ ವಿಷಯವಾಗಿ ಲೇಖನ ಬರೆಯಹೊರಟಿರುವುದನ್ನು ಕಂಡು ವಾಚಕರು, ಅದರಲ್ಲೂ ಗುರುಗಳು, ಹುಬ್ಬೇರಿಸಿದರೆ ತಪ್ಪಲ್ಲ. ಆದರೆ ಹೋದ ವರ್ಷ ನಮ್ಮ ಇತಿಹಾಸ ಸಂಘದ ವಸ್ತುಪ್ರದರ್ಶನದ ದಿನ ನಡೆದುದನ್ನು ಕಣ್ಣಾರೆ ಕಂಡವರಿಗೆ ಈ ಲೇಖನದ ಕಾರಣ ತಾನಾಗಿಯೇ ಹೊಳೆದೀತು. ಕಾಣದವರಿಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನನ್ನ ಸೋದರಮಾವ ೧೯೮೦ರ ದಶಕದ ಮೊದಲ ಕೆಲವು ವರ್ಷ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದರು. ಹಿಂದಿರುಗುವಾಗ ಬಟ್ಟೆಬರೆಗಳ ನಡುವೆ ಸುತ್ತಿ ತಂದ ಒಂದು ಪುಟ್ಟ ಕಪ್ಪು ಯಂತ್ರ ಅವರ ಮನೆಯ ಅಟ್ಟದ ಮೇಲೆ ಇಂದಿಗೂ ಇದೆ. ಅದರ ಹೆಸರು ಸಿಂಕ್ಲೇರ್ ಜೆಡ್ ಎಕ್ಸ್ ೮೧. ಒಂದು ದಪ್ಪ ನೋಟುಪುಸ್ತಕಕ್ಕಿಂತ ದೊಡ್ಡದಲ್ಲ. ಒತ್ತಿದರೆ ಕುಸಿಯುವ ಗುಂಡಿಗಳಿಲ್ಲ. ನುಣುಪಾದ ಹಾಳೆಯ ಮೇಲೆ ಅಕ್ಷರಗಳನ್ನು ಅಚ್ಚು ಹಾಕಿದ್ದಾರೆ, ಅದನ್ನೇ ಬೆರಳಿನಿಂದ ಅದುಮಬೇಕು. ತನ್ನದೇ ಆದ ತೆರೆಯೂ ಇಲ್ಲ. ಮನೆಯ ಟೆಲಿವಿಷನ್ನಿಗೆ ತಂತಿ ಸಿಕ್ಕಿಸಬೇಕು. ಹಳೆಯ ನಾಣ್ಯ, ತಾಳೆಗರಿ, ಕಡತಗಳ ನಡುವೆ ಇದನ್ನೂ ಇಟ್ಟರೆ ಜನಕ್ಕೆ ಮೆಚ್ಚುಗೆಯಾದೀತೆಂದು ನಾನು ಮಾವನನ್ನು ಕಾಡಿ ಬೇಡಿ ತಂದೆ. ಡಬ್ಬಿಯಂತಹ ಹಳೆಯ ಟೆಲಿವಿಷನ್ನೂ ಅವರ ಮನೆಯಿಂದಲೇ ಬಂತು. ಮಾವನೂ ಬಂದು ಕಡೆಯ ಸಾಲಿನ ಬೆಂಚಿನಲ್ಲಿ ಕುಳಿತರು.

೧ರಿಂದ ೧,೦೦೦ದವರೆಗೆ ಅವಿಭಾಜ್ಯ ಸಂಖ್ಯೆಗಳು ಎಷ್ಟೆಂದು ಎಣಿಸುವ ಸಣ್ಣದೊಂದು ಪ್ರೋಗ್ರಾಮನ್ನು ನಾನು ಮೊದಲೇ ಕಾಗದದಲ್ಲಿ ಬರೆದುಕೊಂಡಿದ್ದೆ. ಆ ಹಾಳೆಯಂತಹ ಕೀಲಿಮಣೆಯ ಮೇಲೆ ಅದನ್ನು ಕುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಮೊದಲನೆಯ ಸಾಲಿನಲ್ಲಿ ‘ಫಾಸ್ಟ್’ ಎಂಬ ಆಜ್ಞೆ ಹಾಕಿದ್ದೆ. ಅದನ್ನು ಹಾಕಿದರೆ ಯಂತ್ರ ಬೇಗ ಕೆಲಸ ಮಾಡುತ್ತದೆಂದು ಮಾವ ಹಿಂದೊಮ್ಮೆ ಹೇಳಿದ್ದು ನೆನಪಿತ್ತು. ಸುತ್ತ ನಲವತ್ತು ಐವತ್ತು ಮಂದಿ, ಮುಂದೆ ಪ್ರಾಂಶುಪಾಲರು ಮತ್ತು ಇಬ್ಬರು ಅಧ್ಯಾಪಕರು. ‘ರನ್’ ಎಂದು ಕೊಟ್ಟೆ. ತತ್‌ಕ್ಷಣ ತೆರೆಯ ಮೇಲಿದ್ದ ಅಕ್ಷರಗಳೆಲ್ಲ ಮಾಯವಾಗಿ ತೆರೆ ಬರಿದಾಯಿತು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಹಿಂದಿನಿಂದ ಯಾರೋ “ಹೋಯ್ತು” ಎಂದರು. ಒಂದು ನಗೆ ಎದ್ದಿತು. ನನಗೆ ಮೈ ಬೆವೆತಿತು. “ಯಂತ್ರ ಬಹಳ ಹಳೆಯದು ಸಾರ್, ಕೆಟ್ಟುಹೋಗಿದೆ” ಎಂದು ತೊದಲಿ ಪ್ಲಗ್ಗನ್ನೇ ಕಿತ್ತೆ. (ಆ ಯಂತ್ರಕ್ಕೆ ಆರಿಸುವ ಸ್ವಿಚ್ಚು ಎಂಬುದೇ ಇಲ್ಲ.) ಪ್ರಾಂಶುಪಾಲರು “ಪರವಾಗಿಲ್ಲಪ್ಪ” ಎಂದು ಮುಂದಿನ ಮೇಜಿಗೆ ನಡೆದರು.

ಮಾವ ಕುಳಿತಲ್ಲಿಂದ ಏಳಲಿಲ್ಲ, ಒಂದು ಮಾತೂ ಆಡಲಿಲ್ಲ. ಸಂಜೆ ಮನೆಗೆ ಹೋದ ಮೇಲೆ ಕಾಫಿ ಕುಡಿಯುತ್ತ ಮೆಲ್ಲಗೆ ಕೇಳಿದರು: “ಯಾಕೋ ಕಿತ್ತೆ? ಅದು ಕೆಟ್ಟಿರಲಿಲ್ಲ ಕಣೋ, ಲೆಕ್ಕ ಮಾಡ್ತಿತ್ತು.”

“ತೆರೆ ಬರಿದಾಗಿತ್ತಲ್ಲ ಮಾವ?”

“ಲೆಕ್ಕ ಮಾಡ್ತಿತ್ತು ಅಂತಲೇ ಬರಿದಾಗಿತ್ತು.”

ಅಲ್ಲೇ ಎಲ್ಲರೆದುರು ಏಕೆ ಹೇಳಲಿಲ್ಲವೆಂದು ಕೇಳಿದೆ. “ನೀನು ಕೆಟ್ಟುಹೋಗಿದೆ ಅಂತ ಹೇಳಿ ಆಗಿತ್ತಲ್ಲ” ಎಂದಷ್ಟೇ ಹೇಳಿ ಲೋಟ ಕೆಳಗಿಟ್ಟರು. ಅಂದಿನಿಂದ ಈ ಬರಿದಾದ ತೆರೆಯ ವಿಚಾರ ನನ್ನನ್ನು ಬಿಡಲಿಲ್ಲ. ಬಿಡುವಾದಾಗಲೆಲ್ಲ ಓದಿದೆ, ಮಾವನನ್ನು ಕೇಳಿದೆ. ಓದುತ್ತ ಹೋದಂತೆ ಒಂದು ಸೋಜಿಗ ಕಂಡಿತು: ಹಳೆಯ ಮನೆಗಂಪ್ಯೂಟರುಗಳ ತೆರೆ ಸುಮ್ಮನೆ ಆರುತ್ತಿರಲಿಲ್ಲ, ಆರಿಸಲೆಂದೇ ಪ್ರೋಗ್ರಾಮುಗಳಿದ್ದುವು. ಹಾಗೆ ಆರಿಸುವುದಕ್ಕೆ ಒಂದೊಂದು ಯಂತ್ರದಲ್ಲಿ ಒಂದೊಂದು ಕಾರಣ. ಹೊರಗಿನಿಂದ ನೋಡುವವನಿಗೆ ಮಾತ್ರ ಎಲ್ಲ ಕತ್ತಲೂ ಒಂದೇ ಬಗೆಯಾಗಿ ಕಾಣುತ್ತಿತ್ತು. ನಾನು ಮೋಸಹೋದುದು ಅಲ್ಲಿಯೇ.

ಮೊದಲು ತೆರೆಯ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಈಗಿನ ತೆಳ್ಳನೆಯ ತೆರೆಗಳು ಬರುವ ಮುನ್ನ ಟೆಲಿವಿಷನ್ ಎಂದರೆ ಕ್ಯಾಥೋಡ್ ಕಿರಣದ ನಳಿಕೆ. ೧೮೯೭ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನ್ ಎಂಬಾತನು ಮಾಡಿದ ನಳಿಕೆಯೇ ಇದರ ಮೂಲ. ಗಾಳಿ ತೆಗೆದ ದಪ್ಪ ಗಾಜಿನ ಬುರುಡೆ. ಅದರ ಕುತ್ತಿಗೆಯಲ್ಲಿ ಎಲೆಕ್ಟ್ರಾನುಗಳನ್ನು ಹಾರಿಸುವ ಒಂದು ಸಾಧನ. ಎದುರಿನ ಅಗಲವಾದ ಗಾಜಿನ ಒಳಮೈಗೆ ಫಾಸ್ಫರ್ ಎಂಬ ಲೇಪ. (ಹೆಸರು ಕೇಳಿ ಇದನ್ನು ಬೆಂಕಿಕಡ್ಡಿ ಪೆಟ್ಟಿಗೆಯ ರಂಜಕವೆಂದು ತಿಳಿಯಬಾರದು, ಹೊಳೆಯುವ ಗುಣವುಳ್ಳ ಬೇರೆಬೇರೆ ರಾಸಾಯನಿಕಗಳಿಗೆ ಒಟ್ಟಾಗಿ ಇಟ್ಟ ಹೆಸರು ಅದು.) ಎಲೆಕ್ಟ್ರಾನಿನ ಕಿರಣ ಬಡಿದ ಕಡೆಯಲ್ಲಿ ಲೇಪ ಕ್ಷಣಕಾಲ ಬೆಳಗುತ್ತದೆ. ಕಿರಣವು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯುತ್ತ ಹೋಗುತ್ತದೆ. ಇಂಗ್ಲೆಂಡಿನಲ್ಲೂ ನಮ್ಮಲ್ಲೂ ರೂಢಿಯಲ್ಲಿದ್ದ ಪದ್ಧತಿಯಂತೆ ಒಂದು ಪೂರ್ಣ ಚಿತ್ರಕ್ಕೆ ೬೨೫ ಗೆರೆ, ಸೆಕೆಂಡಿಗೆ ೨೫ ಚಿತ್ರ. ನಮ್ಮ ಕಣ್ಣು ಅಷ್ಟು ಚುರುಕಲ್ಲವಾದ್ದರಿಂದ ಓಡುವ ಚುಕ್ಕಿಯೊಂದು ನಮಗೆ ನಿಂತ ಚಿತ್ರವಾಗಿ ತೋರುತ್ತದೆ.

ಈ ಲೇಪಕ್ಕೂ ಆಯುಸ್ಸಿದೆ. ಹುಲ್ಲುಗಾವಲಿನಲ್ಲಿ ಜನ ಒಂದೇ ಜಾಡಿನಲ್ಲಿ ನಡೆದರೆ ಅಲ್ಲಿ ಹುಲ್ಲು ಸಾಯುತ್ತದೆ, ಕಾಲುದಾರಿ ಬೀಳುತ್ತದೆ. ಎಲ್ಲೆಂದರಲ್ಲಿ ನಡೆದರೆ ಬೀಳುವುದಿಲ್ಲ. ಟೆಲಿವಿಷನ್ನಿನಲ್ಲಿ ನಾಟಕ, ಸುದ್ದಿ, ಕ್ರಿಕೆಟ್ಟು ನೋಡುವಾಗ ಚಿತ್ರ ಬದಲಾಗುತ್ತಲೇ ಇರುತ್ತದೆ. ಲೇಪ ಎಲ್ಲೆಡೆಯೂ ಸಮನಾಗಿ ಸವೆಯುತ್ತದೆ. ಕಂಪ್ಯೂಟರು ಹಾಗಲ್ಲ. ‘ಸಿದ್ಧ’ ಎಂಬರ್ಥದ ಒಂದು ಪದವನ್ನು ತೆರೆಯ ಮೂಲೆಯಲ್ಲಿ ಬರೆದು, ಒಡೆಯ ಊಟಕ್ಕೆ ಹೋಗಿ ಮಲಗಿ ಎದ್ದು ಬರುವ ತನಕವೂ ಅದೇ ಪದವನ್ನು ಸೆಕೆಂಡಿಗೆ ಐವತ್ತು ಸಲ ಅದೇ ಜಾಗದಲ್ಲಿ ತಿದ್ದುತ್ತ ಕುಳಿತಿರುತ್ತದೆ. ಹಾಗೆ ತಿಂಗಳುಗಟ್ಟಲೆ ನಡೆದರೆ ಆ ಅಕ್ಷರಗಳ ಜಾಗದಲ್ಲಿ ಲೇಪದ ಹೊಳಪು ಕುಂದಿ, ಯಂತ್ರ ಆರಿಸಿದಾಗಲೂ ಅಕ್ಷರದ ಛಾಯೆ ಗಾಜಿನಲ್ಲಿ ಉಳಿದುಬಿಡುತ್ತದೆ. ಒಂದು ಕಚೇರಿಯ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಹಸಿರು ಮಾನಿಟರಿನಲ್ಲಿ ನಾನೇ ಇದನ್ನು ಕಂಡಿದ್ದೇನೆ. ವಿದ್ಯುತ್ತೇ ಇಲ್ಲದ ಆ ಗಾಜಿನೊಳಗೆ ಯಾವುದೋ ಕಾಲದ ಪಟ್ಟಿಯೊಂದು, ಒಂದರ ಕೆಳಗೊಂದು ಅಂಕಿ ಸಹಿತ, ಮಸುಕಾಗಿ ಓದಲು ಬರುತ್ತಿತ್ತು. ಶಾಸನ ಓದುವ ನಮ್ಮಂಥವರಿಗೆ ಅದೂ ಒಂದು ಶಾಸನವೇ.

ಕಚೇರಿಯ ಮಾನಿಟರು ಕೆಟ್ಟರೆ ಕಚೇರಿಯ ನಷ್ಟ. ಮನೆಗಂಪ್ಯೂಟರು ಸಿಕ್ಕಿಸಿಕೊಳ್ಳುತ್ತಿದ್ದುದು ಮನೆಯವರೆಲ್ಲ ಸೇರಿ ನೋಡುವ ಒಂದೇ ಒಂದು ಟೆಲಿವಿಷನ್ನನ್ನು. ಹುಡುಗನ ಆಟದ ಗುರುತು ತಂದೆಯ ಸುದ್ದಿಯ ಮೇಲೆ ಅಚ್ಚಾಗಿ ಕುಳಿತರೆ ಆ ಯಂತ್ರ ಮಾರನೆಯ ದಿನ ಮನೆಯಲ್ಲಿ ಇರುತ್ತಿತ್ತೇ? ಆದಕಾರಣ ಕೆಲವು ತಯಾರಕರು ಈ ವಿಷಯದಲ್ಲಿ ಮೊದಲೇ ಎಚ್ಚರ ವಹಿಸಿದರು.

ಅವರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯ ಕೆಲಸ ನನಗೆ ಬಹಳ ಮೆಚ್ಚುಗೆಯಾಯಿತು. ೧೯೭೯ರಲ್ಲಿ ಅದು ೪೦೦ ಮತ್ತು ೮೦೦ ಎಂಬ ಎರಡು ಮನೆಗಂಪ್ಯೂಟರುಗಳನ್ನು ಹೊರತಂದಿತು. ಅವುಗಳ ಮೂಲ ಪ್ರೋಗ್ರಾಮಿನಲ್ಲಿಯೇ ತೆರೆಯನ್ನು ಕಾಯುವ ಕಾವಲುಗಾರನೊಬ್ಬನಿದ್ದ. ಮೆಮೊರಿಯ ೭೭ನೆಯ ಮನೆ ಇವನ ಚೌಕಿ. ಸುಮಾರು ನಾಲ್ಕು ಸೆಕೆಂಡಿಗೊಮ್ಮೆ ಆ ಮನೆಯಲ್ಲಿನ ಸಂಖ್ಯೆ ಒಂದು ಏರುತ್ತದೆ. ಯಾರಾದರೂ ಕೀಲಿಮಣೆಯ ಒಂದು ಕೀಲಿ ಒತ್ತಿದರೆ ತಕ್ಷಣ ಸೊನ್ನೆಗೆ ಇಳಿಯುತ್ತದೆ. ಯಾರೂ ಒತ್ತದೆ ಸಂಖ್ಯೆ ೧೨೭ನ್ನು ದಾಟಿತೋ, ಒಡೆಯ ಎದ್ದುಹೋಗಿದ್ದಾನೆಂದು ಯಂತ್ರ ತೀರ್ಮಾನಿಸುತ್ತದೆ. ಇದಕ್ಕೆ ಅಮೆರಿಕದ ಟೆಲಿವಿಷನ್ ಪದ್ಧತಿಯಲ್ಲಿ ಒಂಬತ್ತು ನಿಮಿಷ ಹಿಡಿಯುತ್ತದೆ. ಯೂರೋಪಿನಲ್ಲಿ ತೆರೆಯ ಗತಿ ಸ್ವಲ್ಪ ನಿಧಾನವಾದುದರಿಂದ ಹನ್ನೊಂದರ ಹತ್ತಿರ. ಆಮೇಲೆ ಅಟಾರಿ ತೆರೆಯನ್ನು ಪೂರ್ತಿ ಆರಿಸುವುದಿಲ್ಲ. ಕಾಂತಿಯನ್ನು ತಗ್ಗಿಸಿ, ಇದ್ದ ಬಣ್ಣಗಳನ್ನು ಕೆಲವು ಸೆಕೆಂಡಿಗೊಮ್ಮೆ ಬದಲಾಯಿಸುತ್ತ ಹೋಗುತ್ತದೆ. ಅಕ್ಷರಗಳು ಇದ್ದಲ್ಲೇ ಇರುತ್ತವೆ, ಓದಲೂ ಬರುತ್ತವೆ. ಯಾವ ಒಂದು ಬಣ್ಣವೂ ಒಂದೇ ಕಡೆ ಬೇರೂರುವುದಿಲ್ಲ, ಅಷ್ಟೆ. ನಾಣ್ಯ ಹಾಕಿ ಆಡುವ ಆಟದ ಯಂತ್ರಗಳು ಯಾರೂ ಆಡದಿರುವಾಗ ತಾವೇ ಆಡಿ ತೋರಿಸಿ ದಾರಿಹೋಕರನ್ನು ಸೆಳೆಯುವ ಕ್ರಮಕ್ಕೆ ಆ ವ್ಯಾಪಾರದವರು ಇಟ್ಟಿದ್ದ ಹೆಸರು ‘ಅಟ್ರಾಕ್ಟ್ ಮೋಡ್’. ಅಟಾರಿಯವರು ಆಟದ ಯಂತ್ರಗಳನ್ನು ಮಾಡಿಯೇ ಬೆಳೆದವರಲ್ಲವೇ, ಆ ಹೆಸರನ್ನೇ ಇದಕ್ಕೂ ಕೊಟ್ಟರು.

ಇದರಲ್ಲೊಂದು ತಮಾಷೆ ಉಂಟು. ಕಾವಲುಗಾರ ಗಮನಿಸುತ್ತಿದ್ದುದು ಕೀಲಿಮಣೆಯನ್ನು ಮಾತ್ರ. ಆಟ ಆಡುವವನ ಕೈಯಲ್ಲಿರುವುದೋ ಜಾಯ್‌ಸ್ಟಿಕ್ಕು ಎಂಬ ಹಿಡಿಕೋಲು. ಅವನು ಒಂಬತ್ತು ನಿಮಿಷ ಬೆವರು ಸುರಿಸಿ ಆಡಿ ಇನ್ನೇನು ಗೆಲ್ಲುವುದರಲ್ಲಿರುವಾಗ, “ಇಲ್ಲಿ ಯಾರೂ ಇಲ್ಲ” ಎಂದು ಯಂತ್ರ ತಾನೇ ನಿರ್ಧರಿಸಿ ಬಣ್ಣಗಳನ್ನು ಮಂಕುಮಾಡಿ ಕಲಸಿಬಿಡುತ್ತಿತ್ತು! ಆದ್ದರಿಂದ ಆಟ ಬರೆಯುವವರು ತಮ್ಮ ಪ್ರೋಗ್ರಾಮಿನಲ್ಲಿ ಆಗಾಗ್ಗೆ ‘ಪೋಕ್ ೭೭, ೦’ ಎಂಬ ಸಾಲನ್ನು ಸೇರಿಸಬೇಕಾಗುತ್ತಿತ್ತು. ೭೭ನೆಯ ಮನೆಗೆ ಸೊನ್ನೆ ಹಾಕು ಎಂದು ಅದರ ಅರ್ಥ. ತೂಕಡಿಸುವ ತರಗತಿಯಲ್ಲಿ ಹಾಜರಿ ಕೂಗಿದಾಗ ಪಕ್ಕದವನು ಮೊಣಕೈಯಿಂದ ತಿವಿದಂತೆ.

ಇಷ್ಟು ಗಾಜನ್ನು ಉಳಿಸುವ ಮಾತಾಯಿತು. ಮಾವನ ಯಂತ್ರ ಬರಿದಾದುದಕ್ಕೂ ಗಾಜಿಗೂ ಸಂಬಂಧವೇ ಇಲ್ಲ. ಅದರ ಕಾರಣ ಬಡತನ. ಬಡತನವೆಂದರೆ ಹೀನಾಯವಾಗಿ ಹೇಳುತ್ತಿಲ್ಲ. ಅಗ್ಗವಾಗಿ ಕೊಡಬೇಕೆಂಬ ಹಟದಿಂದ ಬಂದ ಬಡತನ ಅದು.

ಕ್ಲೈವ್ ಸಿಂಕ್ಲೇರ್ ಎಂಬಾತನ ಸಂಸ್ಥೆ ೧೯೮೦ರಲ್ಲಿ ಜೆಡ್ ಎಕ್ಸ್ ೮೦ ಎಂಬ ಯಂತ್ರವನ್ನು ೯೯ ಪೌಂಡು ೯೫ ಪೆನ್ಸಿಗೆ ಮಾರಿತು. ಮರುವರ್ಷ ಬಂದ ಜೆಡ್ ಎಕ್ಸ್ ೮೧ರ ಬೆಲೆ ೬೯ ಪೌಂಡು ೯೫ ಪೆನ್ಸು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿ ತಾವೇ ಬೆಸುಗೆ ಹಾಕಿಕೊಳ್ಳುವವರಿಗೆ ೪೯ ಪೌಂಡು ೯೫. ಹದಿನೈದು ಲಕ್ಷಕ್ಕೂ ಹೆಚ್ಚು ಯಂತ್ರಗಳು ಮಾರಿಹೋದುವು. ಈ ಬೆಲೆ ಸಾಧ್ಯವಾದದ್ದು ಚಿಪ್ಪುಗಳನ್ನು ಕಡಮೆ ಮಾಡಿದ್ದರಿಂದ. ಮೊದಲನೆಯದರಲ್ಲಿ ೨೧ ಇದ್ದ ಚಿಪ್ಪುಗಳು ಎರಡನೆಯದರಲ್ಲಿ ನಾಲ್ಕಕ್ಕೆ ಇಳಿದುವು. ಮೆಮೊರಿ ೧ ಕಿಲೋಬೈಟು, ಎಂದರೆ ೧,೦೨೪ ಅಕ್ಷರಗಳಷ್ಟು; ಈ ಲೇಖನದ ಒಂದು ಪುಟವೂ ಅದರಲ್ಲಿ ಹಿಡಿಯದು.

ಬೇರೆ ಕಂಪ್ಯೂಟರುಗಳಲ್ಲಿ ತೆರೆಗೆ ಚಿತ್ರ ಬರೆಯಲು ಪ್ರತ್ಯೇಕ ಚಿಪ್ಪು ಇರುತ್ತಿತ್ತು. ಇಲ್ಲಿ ಲೆಕ್ಕ ಮಾಡುವ ಪ್ರೊಸೆಸರೇ ಚಿತ್ರವನ್ನೂ ಬರೆಯಬೇಕು. ಒಬ್ಬನೇ ನಡೆಸುವ ಸಣ್ಣ ಊಟದ ಹೋಟೆಲನ್ನು ನೆನೆದುಕೊಳ್ಳಿ: ಅಡುಗೆಯೂ ಅವನೇ, ಬಡಿಸುವುದೂ ಅವನೇ. ಅವನು ಪಂಕ್ತಿಯಲ್ಲಿ ಬಡಿಸುತ್ತಿದ್ದರೆ ಒಲೆಯ ಮುಂದೆ ಯಾರೂ ಇಲ್ಲ. ಒಲೆಯ ಮುಂದಿದ್ದರೆ ಪಂಕ್ತಿಯಲ್ಲಿ ಎಲೆ ಬರಿದು. ಜೆಡ್ ಎಕ್ಸ್ ೮೦ರ ಪಾಡು ಇದೇ. ಒಂದು ಕೀಲಿ ಒತ್ತಿದರೂ ಆ ಕೀಲಿ ಯಾವುದೆಂದು ವಿಚಾರಿಸಲು ಪ್ರೊಸೆಸರು ತೆರೆ ಬಿಟ್ಟು ಹೋಗಬೇಕು. ಪ್ರತಿ ಅಕ್ಷರಕ್ಕೂ ತೆರೆ ಕಣ್ಣು ಮಿಟುಕಿಸುತ್ತದೆ. ಪ್ರೋಗ್ರಾಮು ಓಡತೊಡಗಿತೋ, ಅದು ಮುಗಿಯುವವರೆಗೂ ತೆರೆ ಬರಿದು.

ಚಿತ್ರ ಬರೆಯುವ ಕ್ರಮವೂ ವಿಚಿತ್ರ. ತೆರೆಯ ಮೇಲೆ ಇರಬೇಕಾದ ಅಕ್ಷರಗಳು ಮೆಮೊರಿಯಲ್ಲಿ ಸಾಲಾಗಿ ಇರುತ್ತವೆ. ಪ್ರೊಸೆಸರಿಗೆ ಅವನ್ನು ಅಕ್ಷರಗಳೆಂದು ಹೇಳದೆ, ಆಜ್ಞೆಗಳೆಂದು ನಂಬಿಸಿ, ಒಂದೊಂದಾಗಿ ನಡೆಸಲು ಹಚ್ಚುತ್ತಾರೆ. ಅದು ಅಕ್ಷರವನ್ನು ತೆಗೆದುಕೊಳ್ಳಲು ಕೈ ಚಾಚಿದಾಗ ನಡುವೆ ಕುಳಿತ ಇನ್ನೊಂದು ಚಿಪ್ಪು ಆ ಅಕ್ಷರವನ್ನು ತಾನು ಕಸಿದುಕೊಂಡು ಟೆಲಿವಿಷನ್ನಿಗೆ ಚುಕ್ಕಿಗಳಾಗಿ ಕಳುಹಿಸುತ್ತದೆ. ಪ್ರೊಸೆಸರಿನ ಕೈಗೆ “ಏನೂ ಮಾಡಬೇಡ” ಎಂಬ ಆಜ್ಞೆಯನ್ನು ಇಡುತ್ತದೆ. ಪ್ರೊಸೆಸರು ಶ್ರದ್ಧೆಯಿಂದ ಏನನ್ನೂ ಮಾಡದೆ ಮುಂದಿನ ಅಕ್ಷರಕ್ಕೆ ಹೋಗುತ್ತದೆ. ಸೆಕೆಂಡಿಗೆ ಐವತ್ತು ಸಲ ತೆರೆಯ ಉದ್ದಕ್ಕೂ ಇದೇ ನಡೆಯುತ್ತದೆ. ಇದನ್ನು ಮೊದಲು ತಿಳಿದಾಗ ನಾನು ಪುಸ್ತಕ ಕೆಳಗಿಟ್ಟು ಎದ್ದು ಒಂದು ಸುತ್ತು ಅಡ್ಡಾಡಿ ಬಂದೆ. ಏನೂ ಮಾಡದಿರುವಾಗ ತೆರೆಯಲ್ಲಿ ಅಕ್ಷರ, ಏನಾದರೂ ಮಾಡುತ್ತಿರುವಾಗ ತೆರೆ ಬರಿದು! ಕಾಲೇಜಿನಲ್ಲಿ ನಾನು ತಿಳಿದದ್ದು ಇದಕ್ಕೆ ಸರಿಯಾಗಿ ತಿರುಗುಮುರುಗು.

ಜೆಡ್ ಎಕ್ಸ್ ೮೧ರಲ್ಲಿ ‘ಸ್ಲೋ’ ಎಂಬ ಇನ್ನೊಂದು ಕ್ರಮವನ್ನು ಸೇರಿಸಿದರು. ಟೆಲಿವಿಷನ್ನಿನಲ್ಲಿ ಅಕ್ಷರಗಳಿರುವ ಭಾಗದ ಮೇಲೂ ಕೆಳಗೂ ಖಾಲಿ ಅಂಚು ಇರುತ್ತದಷ್ಟೆ. ಕಿರಣವು ಆ ಅಂಚಿನ ಗೆರೆಗಳನ್ನು ದಾಟುವ ಹೊತ್ತಿನಲ್ಲಿ ಪ್ರೊಸೆಸರಿಗೆ ಬಿಡುವು; ಆಗ ಓಡಿಹೋಗಿ ಒಂದಿಷ್ಟು ಲೆಕ್ಕ ಮಾಡಿ, ಅಕ್ಷರದ ಗೆರೆ ಬರುವ ಹೊತ್ತಿಗೆ ಹಿಂದಕ್ಕೆ ಓಡಿಬರಬೇಕು. ಎರಡು ಪಂಕ್ತಿಗಳ ನಡುವೆ ನಮ್ಮ ಹೋಟೆಲಿನವನು ಒಗ್ಗರಣೆ ಹಾಕಿ ಬರುವಂತೆ. ತೆರೆ ನಿಶ್ಚಲವಾಗಿ ಕಾಣುತ್ತದೆ, ಕೆಲಸ ಮಾತ್ರ ಸುಮಾರು ನಾಲ್ಕರಲ್ಲಿ ಒಂದು ಪಾಲು ವೇಗಕ್ಕೆ ಇಳಿಯುತ್ತದೆ. ‘ಫಾಸ್ಟ್’ ಎಂದರೆ ತೆರೆಯನ್ನು ಬಿಟ್ಟುಕೊಟ್ಟು ನಾಲ್ಕು ಪಟ್ಟು ವೇಗ ಪಡೆಯುವುದು. ನಾನು ಮೊದಲನೆಯ ಸಾಲಿನಲ್ಲಿ ಹಾಕಿದ್ದ ಆಜ್ಞೆ ಅದೇ. ಯಂತ್ರದೊಡನೆ ಬರುವ ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಕೈಪಿಡಿಯನ್ನು ಪ್ರದರ್ಶನದ ಮೇಜಿನ ಮೇಲೆ ಅಂದವಾಗಿ ತೆರೆದಿಟ್ಟಿದ್ದೆ, ಓದಿರಲಿಲ್ಲ.

ಮೂರನೆಯದಾಗಿ ಕಮೊಡೋರ್ ೬೪ ಎಂಬ ಯಂತ್ರವನ್ನು ನೋಡಬೇಕು. ೧೯೮೨ರಲ್ಲಿ ಬಂದ ಇದು ಆ ಕಾಲದ ಮನೆಗಂಪ್ಯೂಟರುಗಳಲ್ಲಿ ಬಹಳ ಜನಪ್ರಿಯವಾದುದು. ಇಲ್ಲಿ ಬಡಿಸಲು ಬೇರೆ ಆಳಿದ್ದಾನೆ, ಎಂದರೆ ಚಿತ್ರಕ್ಕೆಂದೇ ಚಿಪ್ಪಿದೆ. ಆದರೆ ಉಗ್ರಾಣ ಒಂದೇ. ತೆರೆಯಲ್ಲಿ ೨೫ ಸಾಲು ಅಕ್ಷರ. ಪ್ರತಿ ಹೊಸ ಸಾಲು ಮೊದಲಾಗುವಾಗ ಆ ಸಾಲಿನ ೪೦ ಅಕ್ಷರಗಳನ್ನು ಚಿತ್ರದ ಚಿಪ್ಪು ಉಗ್ರಾಣದಿಂದ ಹೊತ್ತುಕೊಂಡು ಹೋಗುತ್ತದೆ. ಅಷ್ಟು ಹೊತ್ತು ಪ್ರೊಸೆಸರು ಕೈಕಟ್ಟಿ ಪಕ್ಕಕ್ಕೆ ನಿಲ್ಲಬೇಕು. ಯೂರೋಪಿನ ಪದ್ಧತಿಯ ಯಂತ್ರದಲ್ಲಿ ಒಂದು ಸಲ ತೆರೆ ಬರೆಯುವ ಅವಧಿಗೆ ಪ್ರೊಸೆಸರಿನ ೧೯,೬೫೬ ಮಿಡಿತಗಳು. ಸಾಲಿಗೆ ಕನಿಷ್ಠ ೪೦ರಂತೆ ೨೫ ಸಾಲಿಗೆ ೧,೦೦೦ ಮಿಡಿತ ಹೋಯಿತು. ಎಂದರೆ ನೂರಕ್ಕೆ ಐದು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ನೋಡುವವನ ಸಲುವಾಗಿ ಲೆಕ್ಕದ ಮೇಲೆ ಹಾಕಿದ ಶೇಕಡ ಐದರ ತೆರಿಗೆ.

ಈ ತೆರಿಗೆಯನ್ನು ತಪ್ಪಿಸುವ ದಾರಿಯೂ ಇತ್ತು. ೫೩೨೬೫ ಎಂಬ ಸಂಖ್ಯೆಯ ಮನೆಯಲ್ಲಿ ೧೬ರ ಬೆಲೆಯುಳ್ಳ ಒಂದು ಬಿಟ್ಟು ಇದೆ. ಅದನ್ನು ಇಳಿಸಿದರೆ ಚಿತ್ರದ ಚಿಪ್ಪು ಅಕ್ಷರ ತರುವ ಗೋಜಿಗೇ ಹೋಗದೆ ತೆರೆಗೆಲ್ಲ ಅಂಚಿನ ಬಣ್ಣ ಬಳಿದು ಸುಮ್ಮನಾಗುತ್ತದೆ. ಏರಿಸಿದರೆ ಅಕ್ಷರಗಳು ಇದ್ದಂತೆಯೇ ಮರಳಿ ಬರುತ್ತವೆ, ಒಂದೂ ಕಳೆದಿರುವುದಿಲ್ಲ. ದೀರ್ಘವಾದ ಲೆಕ್ಕಕ್ಕೆ ಮುನ್ನ ಒಂದು ಸಾಲು, ಮುಗಿದ ಮೇಲೆ ಒಂದು ಸಾಲು: ತೆರೆ ಆರಿಸುವ ಪ್ರೋಗ್ರಾಮು ಎಂದರೆ ಇಷ್ಟೆ. ಇನ್ನು ಟೇಪಿನಿಂದ ಪ್ರೋಗ್ರಾಮು ಓದುವಾಗಂತೂ ಯಂತ್ರ ತಾನಾಗಿಯೇ ತೆರೆಯನ್ನು ಆರಿಸಿಕೊಳ್ಳುತ್ತಿತ್ತು. ಟೇಪಿನ ಮೇಲಿನ ಗುರುತುಗಳನ್ನು ಅವುಗಳ ನಡುವಿನ ಕಾಲವನ್ನು ಅಳೆದೇ ತಿಳಿಯಬೇಕು. ಅಳೆಯುತ್ತಿರುವ ಪ್ರೊಸೆಸರನ್ನು ನಡುನಡುವೆ ಪಕ್ಕಕ್ಕೆ ನಿಲ್ಲಿಸಿದರೆ ಅಳತೆ ತಪ್ಪುತ್ತದೆ. ಈ ವಿಚಾರ ತಿಳಿಯದ ಮನೆಯವರು ನೀಲಿಯಾಗಿ ಬರಿದಾದ ತೆರೆಯ ಮುಂದೆ ಹಲವು ನಿಮಿಷ ಕಾಯುತ್ತ ಕುಳಿತ ಹುಡುಗನನ್ನು ನೋಡಿ ಏನೆಂದುಕೊಂಡರೋ!

ಎಲ್ಲ ಯಂತ್ರಗಳಿಗೂ ಈ ಕಷ್ಟವಿತ್ತೆಂದು ತಿಳಿಯಬಾರದು. ೧೯೮೧ರ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರದಲ್ಲಿ ಮೆಮೊರಿಯು ಪ್ರೊಸೆಸರಿನ ಎರಡರಷ್ಟು ವೇಗದ್ದು. ಒಂದು ಸಲ ಪ್ರೊಸೆಸರಿಗೆ, ಮರುಸಲ ಚಿತ್ರಕ್ಕೆ, ಹೀಗೆ ಸರದಿ. ಯಾರೂ ಯಾರಿಗೂ ಕಾಯಬೇಕಿಲ್ಲ. ಅದರ ತೆರೆಯನ್ನು ಆರಿಸಿದರೆ ವೇಗ ಎಳ್ಳಷ್ಟೂ ಹೆಚ್ಚದು. ಭಾರತ ಸರ್ಕಾರ ೧೯೮೪ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಲ್ಲಿ ಶಾಲೆಗಳಿಗೆ ಹಂಚಿದ್ದು ಇದೇ ಯಂತ್ರವನ್ನು. ಆಗ ಶಾಲೆಯಲ್ಲಿ ಓದುತ್ತಿದ್ದ ನಮ್ಮ ಅಧ್ಯಾಪಕರಲ್ಲಿ ಯಾರಾದರೂ ಅದನ್ನು ಮುಟ್ಟಿದ್ದರೆ ಅವರ ಅನುಭವ ಕೇಳಲು ನನಗೆ ಆಸೆಯಿದೆ. ಅದರ ಬೆಲೆ ಮಾತ್ರ ಸಿಂಕ್ಲೇರ್ ಯಂತ್ರದ ಹಲವು ಪಟ್ಟು.

ಗಾಜನ್ನು ಉಳಿಸುವ ಮಾತಿಗೆ ಮತ್ತೆ ಬರುತ್ತೇನೆ. ೧೯೮೧ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಗೆ ಅಟಾರಿಯಂತಹ ಕಾವಲುಗಾರ ಇರಲಿಲ್ಲ. ಅದರ ಹಸಿರು ಮಾನಿಟರಿನ ಲೇಪವೋ, ಒಮ್ಮೆ ಬೆಳಗಿದರೆ ಬಹು ಹೊತ್ತು ಆರದ ಜಾತಿಯದು. ಕಣ್ಣಿಗೆ ಹಿತ, ಆದರೆ ಗುರುತು ಬೀಳುವುದೂ ಸುಲಭ. ಈ ಕೊರತೆಯನ್ನು ತುಂಬಿದಾತ ಜಾನ್ ಸೋಚಾ. ‘ನಾರ್ಟನ್ ಕಮ್ಯಾಂಡರ್’ ಎಂಬ ಪ್ರಸಿದ್ಧ ಪ್ರೋಗ್ರಾಮನ್ನು ಮುಂದೆ ಬರೆದವನೂ ಈತನೇ. ೧೯೮೩ರ ಡಿಸೆಂಬರಿನ ‘ಸಾಫ್ಟಾಕ್’ ಪತ್ರಿಕೆಯಲ್ಲಿ ಈತನ ‘ಸ್ಕ್ರೀನ್‌ಸೇವ್’ ಎಂಬ ಕಿರುಪ್ರೋಗ್ರಾಮು ಅಚ್ಚಾಯಿತು. ‘ಸ್ಕ್ರೀನ್ ಸೇವರ್’ ಎಂಬ ಹೆಸರು ಬಳಕೆಗೆ ಬಂದದ್ದೂ ಇದರಿಂದಲೇ ಎನ್ನುತ್ತಾರೆ. ಮೂರು ನಿಮಿಷ ಯಾರೂ ಕೀಲಿ ಮುಟ್ಟದಿದ್ದರೆ ತೆರೆ ಆರುತ್ತದೆ, ಮುಟ್ಟಿದರೆ ಮರಳುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ, ಶುದ್ಧ ಕತ್ತಲು. ಮೂರರ ಬದಲು ಐದು ನಿಮಿಷ ಬೇಕೆಂದವರು ಪ್ರೋಗ್ರಾಮನ್ನೇ ತಿದ್ದಿ ಹೊಸದಾಗಿ ಸಿದ್ಧಪಡಿಸಿಕೊಳ್ಳಬೇಕಾಗಿತ್ತು.

ಇಂಥ ಪ್ರೋಗ್ರಾಮಿನ ಒಳಗುಟ್ಟು ಬಹಳ ಸರಳ. ಪಿ.ಸಿ.ಯಲ್ಲಿ ಸೆಕೆಂಡಿಗೆ ಸುಮಾರು ೧೮.೨ ಸಲ ಬಡಿಯುವ ಒಂದು ಗಡಿಯಾರವಿದೆ. ತೆರೆ ಆರಿಸುವ ಪ್ರೋಗ್ರಾಮು ಮೆಮೊರಿಯ ಒಂದು ಮೂಲೆಯಲ್ಲಿ ತಂಗಿ, ಆ ಪ್ರತಿಯೊಂದು ಬಡಿತವನ್ನೂ ಎಣಿಸುತ್ತದೆ. ಕೀಲಿಮಣೆಯ ಸದ್ದನ್ನೂ ಆಲಿಸುತ್ತದೆ. ಮೂರು ನಿಮಿಷಕ್ಕೆ ೩,೨೭೬ ಬಡಿತ. ಅಷ್ಟು ತುಂಬಿದರೆ ಚಿತ್ರದ ಹಲಗೆಗೆ “ಬೆಳಕು ನಿಲ್ಲಿಸು” ಎಂಬ ಒಂದು ಸೂಚನೆ. ಒಡೆಯನ ಕೆಲಸ ಹಿಂದೆ ನಡೆಯುತ್ತಲೇ ಇರುತ್ತದೆ. ಇಲ್ಲಿಯೇ ನನ್ನಂಥವರಿಗೆ ಗಂಡಾಂತರ. ಪಕ್ಕದ ಕೋಣೆಯಿಂದ ಬಂದ ಸಹೋದ್ಯೋಗಿಯೊಬ್ಬ ಕತ್ತಲಾದ ತೆರೆ ಕಂಡು ಯಂತ್ರ ಆರಿಸಿದೆಯೆಂದೋ ಕೆಟ್ಟಿದೆಯೆಂದೋ ಭಾವಿಸಿ ಸ್ವಿಚ್ಚು ಒತ್ತಿದರೆ, ಉಳಿಸದೆ ಇಟ್ಟ ಬರಹವೆಲ್ಲ ಹೋಯಿತು. ಗಾಜು ಮಾತ್ರ ಉಳಿಯಿತು! ಅದೇ ೧೯೮೩ರಲ್ಲಿ ಬಂದ ಆಪಲ್ ಸಂಸ್ಥೆಯ ‘ಲಿಸಾ’ ಯಂತ್ರದಲ್ಲಿ ಎಷ್ಟು ನಿಮಿಷಕ್ಕೆ ತೆರೆ ಮಂಕಾಗಬೇಕೆಂಬುದನ್ನು ಬಳಸುವವನೇ ಗೊತ್ತುಮಾಡಬಹುದಾಗಿತ್ತು. ಪೂರ್ತಿ ಕತ್ತಲಿಗಿಂತ ಮಂಕೇ ವಾಸಿ ಎಂಬುದು ನನ್ನ ಅಭಿಪ್ರಾಯ; ಯಂತ್ರ ಬದುಕಿದೆಯೆಂದು ತಿಳಿಯುತ್ತದೆ.

ಮುಂದಿನ ಕಥೆ ಹೆಚ್ಚಿನವರಿಗೆ ಗೊತ್ತಿರುವುದೇ. ೧೯೮೯ರಲ್ಲಿ ಬರ್ಕಲಿ ಸಿಸ್ಟಮ್ಸ್ ಸಂಸ್ಥೆಯ ‘ಆಫ್ಟರ್ ಡಾರ್ಕ್’ ಬಂತು. ಬ್ರೆಡ್ಡು ಸುಡುವ ಯಂತ್ರಗಳಿಗೆ ರೆಕ್ಕೆ ಮೂಡಿ ತೆರೆಯ ತುಂಬ ಹಾರಾಡಿದುವು. ಜನ ಅದನ್ನು ನೋಡಲೆಂದೇ ಕೆಲಸ ಬಿಟ್ಟು ಕೂರುವಂತಾಯಿತು. ಬಿಡುವಿನಲ್ಲಿರುವ ಯಂತ್ರ ತನ್ನ ಬಿಡುವನ್ನು ತೋರಿಸಿಕೊಳ್ಳಲು ದುಡಿಯಬೇಕಾದ ಈ ಆಡಂಬರ ನನಗೇಕೋ ಹಿಡಿಸಲಿಲ್ಲ. ದ್ರವಸ್ಫಟಿಕದ ತೆಳ್ಳನೆಯ ತೆರೆಗಳು ಬಂದ ಮೇಲೆ ಫಾಸ್ಫರ್ ಸವೆಯುವ ಚಿಂತೆ ಹೋಯಿತು. ಈಗ ತೆರೆ ಆರುವುದು ವಿದ್ಯುತ್ತನ್ನು ಉಳಿಸಲು. ಆದರೆ ಇಂದಿನ ಅನೇಕ ಮೊಬೈಲುಗಳಲ್ಲಿರುವ ಓಲೆಡ್ ತೆರೆಯಲ್ಲಿ ಚುಕ್ಕಿಗಳು ತಾವೇ ಬೆಳಗಿ ತಾವೇ ಸವೆಯುತ್ತವೆ. ಒಂದೇ ಗುರುತನ್ನು ಬಹುಕಾಲ ಹಿಡಿದರೆ ಅಲ್ಲಿಯೂ ಛಾಯೆ ಬೀಳುತ್ತದೆ.

ಈ ವರ್ಷದ ಪ್ರದರ್ಶನಕ್ಕೆ ಆ ಕಪ್ಪು ಯಂತ್ರವನ್ನು ಮತ್ತೆ ತರಲೇ ಎಂದು ಮಾವನನ್ನು ಕೇಳಿದೆ. “ತಗೊಂಡು ಹೋಗು, ಆದರೆ ‘ಸ್ಲೋ’ ಹಾಕ್ಕೋ, ಜನ ನಗಲ್ಲ” ಎಂದರು. ನಾನು ಒಪ್ಪಲಿಲ್ಲ. ಮೊದಲನೆಯ ಸಾಲಿನಲ್ಲಿ ‘ಫಾಸ್ಟ್’ ಎಂದೇ ಇಟ್ಟೆ. ಒಂದು ರಟ್ಟಿನ ತುಂಡಿನ ಮೇಲೆ “ತೆರೆ ಬರಿದಾಗಿದ್ದರೆ ಲೆಕ್ಕ ನಡೆಯುತ್ತಿದೆಯೆಂದು ತಿಳಿಯಿರಿ. ದಯವಿಟ್ಟು ಪ್ಲಗ್ಗನ್ನು ಮುಟ್ಟಬೇಡಿ” ಎಂದು ದಪ್ಪ ಅಕ್ಷರದಲ್ಲಿ ಬರೆದು ಟೆಲಿವಿಷನ್ನಿಗೆ ಒರಗಿಸಿದೆ. ಮಾವನನ್ನು ಈ ಸಲ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಯಂತ್ರ ಹೋದ ವರ್ಷ ಕೆಟ್ಟಿರಲಿಲ್ಲ, ಕೆಟ್ಟಿತೆಂದು ಹೇಳಿದ್ದು ನನ್ನ ತಪ್ಪೆಂದು ಎಲ್ಲರೆದುರಿಗೆ ಹೇಳಿದೆ. ಅವರು ನೆಲ ನೋಡುತ್ತಿದ್ದರು.

‘ರನ್’ ಕೊಟ್ಟೊಡನೆ ತೆರೆ ಬರಿದಾಯಿತು. ಅರ್ಥಶಾಸ್ತ್ರದ ಅಧ್ಯಾಪಕರು ಕೈಗಡಿಯಾರ ನೋಡುತ್ತ ನಿಂತರು. ಒಂದು ನಿಮಿಷವಾಗುವಷ್ಟರಲ್ಲಿ ಹಿಂದಿನ ಸಾಲಿನವರು ಚಹಾದ ಕಡೆಗೆ ಜಾರಿದರು. ಉಳಿದವರು ರಟ್ಟನ್ನು ಮತ್ತೊಮ್ಮೆ ಓದಿಕೊಂಡರು. ಕೊನೆಗೆ ತೆರೆ ಒಮ್ಮೆ ನಡುಗಿ ನೆಲೆಗೊಂಡಿತು. ಎಡಮೂಲೆಯಲ್ಲಿ, ಕಪ್ಪು ಅಕ್ಷರದಲ್ಲಿ, ೧೬೮.

ಪ್ರೋಗ್ರಾಮಿನ ಪ್ರತಿಯನ್ನು ಗ್ರಂಥಾಲಯದ ಸೂಚನಾಫಲಕದ ಪಕ್ಕದಲ್ಲಿ ಅಂಟಿಸಿದ್ದೇನೆ. ಎಣಿಕೆಯಲ್ಲಿ ತಪ್ಪಿದ್ದರೆ ಗಣಿತ ಬಲ್ಲ ಮಿತ್ರರು ತಿಳಿಸಬೇಕು.